ಕೆಂಪಿಯ ಹೆಪ್ಪು

ಸುಗಟೂರು,
೧೨ ಫೆಬ್ರವರಿ ೨೦೨೫

ಪ್ರೀತಿಯ ಭಾರತೀ,

ನೀನು, ಬಾಣಂತಿ ಮೌನಿಕಾ, ಕೂಸು ಎಲ್ಲರೂ ಹೇಗಿದ್ದೀರಿ? ನಿನ್ನ ಮಂಡಿನೋವು ಇಳಿಯಿತೇ? ಇಲ್ಲಿ ನಾನೂ ಮಗ ಸೊಸೆಯೂ ಚೆನ್ನಾಗಿದ್ದೇವೆ. ಫೋನಿರುವಾಗ ಈ ಮುದುಕನಿಗೆ ಕಾಗದ ಬರೆಯುವ ಶೋಕಿ ಯಾಕೆ ಎಂದು ನಗಬೇಡ. ನಿನ್ನ ಮಗಳು ಫೋನನ್ನು ಸ್ಪೀಕರಿಗೆ ಹಾಕಿಬಿಡುತ್ತಾಳೆ. ಬೀಗರೆಲ್ಲ ಕೂತು ಕೇಳುವಂಥ ಮಾತಲ್ಲ ಇದು.

ನೀನು ಬಾಣಂತನಕ್ಕೆಂದು ತಾಯಲೂರಿಗೆ ಹೋಗಿ ಎರಡು ತಿಂಗಳಾಯಿತು. ಸೀಮೆಹುಲ್ಲು ಕೊಯ್ಯಲು ಹೋದಾಗೆಲ್ಲ ನಿನ್ನದೇ ನೆನಪು. ಹನ್ನೆರಡು ವರ್ಷದ ಹಿಂದೆ ಆ ಹುಲ್ಲು ಮೊಣಕಾಲೆತ್ತರಕ್ಕೆ ಬಂದು, ಹಳದಿ ತಿರುಗಿ ನಿಂತುಬಿಡುತ್ತಿತ್ತಲ್ಲ? ನಮ್ಮ ಹಸು ಕೆಂಪಿ ಆಗ ತುಂಬಿದ ಗಬ್ಬ, ಅವಳಿಗೆ ಹೊಟ್ಟೆತುಂಬ ಮೇವಿಲ್ಲ ಎಂದು ನಿನಗೆ ನಿದ್ದೆಯಿಲ್ಲ. ನೀನು ಅವಳದೇ ಸಗಣಿ, ಗಂಜಲ, ರೇಷ್ಮೆಹುಳುವಿನ ಹಿಕ್ಕೆ, ಬೆಲ್ಲ ಎಲ್ಲ ಕಲಸಿ ನಮ್ಮಮ್ಮನ ದೊಡ್ಡ ಮಡಕೆಯಲ್ಲಿ ಹುಳಿಯಲು ಇಟ್ಟೆ. "ಹುಲ್ಲಿಗೂ ಅಂಬಲಿ ಕಾಯಿಸ್ತೀಯೇನೇ?" ಎಂದು ನಾನು ಕಿಚಾಯಿಸಿದ್ದಕ್ಕೆ, "ಊರಕುಂಡಂಡಿ! ಸುಮ್ನಿರಿ, ಕೊಯ್ಯೋವಾಗ ಮಾತಾಡಿ" ಎಂದೆ. ಸಿಟ್ಟು ಬಂದಾಗಲೇ ನಿನಗೆ ತೆಲುಗು ಬರುವುದು. ಆ ಹುಳಿದ ಗೊಬ್ಬರವನ್ನು ನೀರಿಗೆ ಬೆರೆಸಿ ಬುಡಕ್ಕೆ ಹಾಕಿದ ಮೇಲೆ ಹುಲ್ಲು ನನ್ನ ತಲೆ ಮೀರಿ ಬೆಳೆಯಿತು. ನೀನು ಒಳಗೆ ಕೊಯ್ಯುತ್ತಿದ್ದರೆ ಬಳೆ ಸದ್ದು ಮಾತ್ರ ಹೊರಗೆ ಕೇಳುತ್ತಿತ್ತು. ಆಗ ನಾನು ಬಾಯಿಬಿಟ್ಟು ಒಂದು ಒಳ್ಳೆಯ ಮಾತಾಡಲಿಲ್ಲ, ನಿಜ. ಈಗ ಹೇಳುತ್ತಿದ್ದೇನೆ, ನೀನೇ ಗೆದ್ದೆ.

ಪ್ರತಿ ಸಲವೂ ನೀನು ತಳದಲ್ಲಿ ಒಂದು ಚೊಂಬಿನಷ್ಟು ಉಳಿಸಿ, ಮೊಸರಿಗೆ ಹೆಪ್ಪು ಹಾಕಿದಂತೆ ಮುಂದಿನದಕ್ಕೆ ಸೇರಿಸುತ್ತಿದ್ದೆ. ಕೆಂಪಿ ಸತ್ತ ದಿನ ನೀನು ಊಟ ಬಿಟ್ಟು ಆ ಮಡಕೆಯ ಪಕ್ಕದಲ್ಲೇ ಕೂತಿದ್ದೆ. "ಅವ್ಳು ಇನ್ನೂ ಇದರಲ್ಲೇ ಅವ್ಳೆ ಕಣ್ರೀ" ಅಂದೆ. ಹುಚ್ಚು ಮಾತು ಎಂದುಕೊಂಡರೂ ನಾನದನ್ನು ಮರೆತಿಲ್ಲ.

ತಣ್ಣೀರಿನಲ್ಲಿ ಹೆಚ್ಚು ಹೊತ್ತು ಕೈಯಾಡಿಸಬೇಡ. ಕೂಸಿಗೆ ದೃಷ್ಟಿ ತೆಗೆ. ಬೀಗರಿಗೆ ನಮಸ್ಕಾರ, ತಾಯಿಮಗುವಿಗೆ ಈ ಅಜ್ಜನ ಆಶೀರ್ವಾದ.

ನಿನ್ನ
ಚನ್ನರಾಯಪ್ಪ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಹೇಳಿಬಿಡುತ್ತೇನೆ. ಸಂಕ್ರಾಂತಿಗೆ ಕೊಟ್ಟಿಗೆ ಶುಚಿ ಮಾಡುವಾಗ, ಹುಳುಮನೆ ತೊಳೆದು ಮಿಕ್ಕಿದ್ದ ಬ್ಲೀಚಿಂಗ್ ಪುಡಿ ಹಾಕಿ ನಿನ್ನ ಮಡಕೆಯನ್ನೂ ಉಜ್ಜಿಟ್ಟೆ. ನೀನು ಬಂದು ಮೆಚ್ಚಿಕೊಳ್ಳುತ್ತೀಯ ಎಂದುಕೊಂಡಿದ್ದೆ. ತಳದಲ್ಲಿದ್ದದ್ದು ಮೋರಿಗೆ ಹೋದ ಮೇಲೆ ನೆನಪಾಯಿತು. ಎರಡು ಸಲ ಹೊಸದಾಗಿ ಕಲಸಿದೆ, ಹುಳಿಯದೆ ಕೊಳೆತು ನಾರಿತು. ಹುಲ್ಲು ಮತ್ತೆ ಹಳದಿ ತಿರುಗುತ್ತಿದೆ. ಅದಕ್ಕಿಂತ, ಕೆಂಪಿಯನ್ನು ನನ್ನ ಕೈಯಾರೆ ಕಳೆದೆನಲ್ಲ ಎಂದು ಸಂಕಟ. ಮೌನಿಕಾಳ ಹಿತ್ತಿಲ ಕರಿಬೇವಿಗೆಂದು ಆ ಮಡಕೆಯದನ್ನೇ ಒಂದು ಬಾಟ್ಲಿ ಒಯ್ದಿದ್ದೆಯಲ್ಲ, ಅದರಲ್ಲಿ ಒಂದು ಲೋಟದಷ್ಟಾದರೂ ಉಳಿದಿದೆಯೇ? ಇದ್ದರೆ ಯಾರ ಕೈಯಲ್ಲೂ ಕಳಿಸಬೇಡ, ಭಾನುವಾರ ನಾನೇ ಬರುತ್ತೇನೆ. ಇಲ್ಲದಿದ್ದರೂ ಬರುತ್ತೇನೆ, ತೆಲುಗಿನಲ್ಲೇ ಬೈ. ಅಲ್ಲಿಯವರೆಗೆ ಮುಚ್ಚಳ ಸ್ವಲ್ಪ ಸಡಿಲ ಮಾಡಿಡು. ಅವಳು ಉಸಿರಾಡಲಿ.