ಗೋಡೆಯ ಮೇಲಿನ ಕೆಂಪು ಪಟ್ಟಿ

ಮಂಗಳವಾರ, ಮಾರ್ಚ್ ೧೧
ಆಸ್ಪತ್ರೆ, ಎರಡನೆಯ ಮಹಡಿ, ಕಾಯುವವರ ಬೆಂಚು

ಪ್ರೀತಿಯ ಮರಿ,

ಜೈಲಿನಿಂದ ನೀನು ಬರೆದ ಕಾಗದ ಕೈಸೇರಿ ಹನ್ನೆರಡು ದಿನವಾಯಿತು. ಅಪ್ಪ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ಅದಕ್ಕೆ ನಾನು ಅರ್ಹ. ಮೊದಲು ನಿನಗೆ ಬೇಕಾದ ಸುದ್ದಿ ಹೇಳಿಬಿಡುತ್ತೇನೆ: ಅಮ್ಮ ಬದುಕಿದ್ದಾಳೆ. ನಿನ್ನೆ ವೆಂಟಿಲೇಟರ್ ಇಲ್ಲದೆ ನಾಲ್ಕು ಗಂಟೆ ತಾನೇ ಉಸಿರಾಡಿದಳು. ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟಿದ್ದಾರೆ. ದನಿ ಬರುವುದಿಲ್ಲ, ಸ್ಲೇಟಿನ ಮೇಲೆ ಬರೆಯುತ್ತಾಳೆ. ಮೊದಲು ಬರೆದದ್ದು, "ಮರಿ ಎಲ್ಲಿ?" ಡಿಪೋದವರು ಬೇರೆ ಊರಿಗೆ ಬಸ್ ರಿಪೇರಿಗೆ ಕಳಿಸಿದ್ದಾರೆ ಎಂದೆ. ನಂಬಲಿಲ್ಲ. ನಾನು ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಊರಿನವರ ಅಚ್ಚಿನ ತಪ್ಪು ಹುಡುಕಿದವನು. ನನ್ನ ಮುಖದ ತಪ್ಪು ಹುಡುಕುವುದು ಅವಳ ಕೆಲಸ.

ಗುರುವಾರ ನಿನ್ನ ಕೇಸು ಬರುತ್ತದೆ. ನೀನು ಕೇಳಿದ್ದು ಒಂದೇ ವಿಷಯ: "ಆ ಕನ್ನಡಕದ ನರ್ಸು ಮಂಚದ ತಲೆಭಾಗ ಇಳಿಸಿಬಿಟ್ಟಿದ್ದ, ಅದಕ್ಕೇ ಅಮ್ಮನಿಗೆ ನ್ಯುಮೋನಿಯಾ ಆಯ್ತು ಅಂತ ನಿಮ್ಮ ಕೈಯಾರೆ ಬರೆದುಕೊಡಿ ಅಪ್ಪ." ವಕೀಲರೂ ಅದನ್ನೇ ಹೇಳಿದರು. "ಯಜಮಾನ್ರೇ, ಹುಡುಗನಿಗೆ ಸಿಟ್ಟು ಬರೋಕೆ ಕಾರಣ ಇತ್ತು ಅಂತ ತೋರಿಸಿದ್ರೆ ಜಾಮೀನು ಸಿಗತ್ತೆ. ನೀವು ಪೇಪರಿಗೆಲ್ಲ ಬರೆಯೋರು, ನಿಮ್ಮ ಮಾತಿಗೆ ತೂಕ ಇದೆ." ಆಸ್ಪತ್ರೆಯವರೂ ವಿಚಾರಣೆ ನಡೆಸುತ್ತಿದ್ದಾರೆ. ನರ್ಸನ್ನು ಅಮಾನತು ಮಾಡಿದ್ದಾರೆ. ಅವರಿಗೂ ನನ್ನ ಹೇಳಿಕೆ ಬೇಕು. ಇಡೀ ಊರು ನನ್ನ ಪೆನ್ನಿಗಾಗಿ ಕಾಯುತ್ತಿದೆ, ಮರಿ. ಜೀವಮಾನವೆಲ್ಲ ನಾನು ಬಯಸಿದ್ದೂ ಇದನ್ನೇ ಅಲ್ಲವೇ!

ಬರೆಯುವ ಮೊದಲು ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ನಿನಗೆ ಸಿಟ್ಟಿನಲ್ಲಿ ಅರ್ಧವೂ ಕಂಡಿರಲಾರದು.

ಮಾಳಿಗೆ ಮೆಟ್ಟಿಲಿಂದ ಬಿದ್ದಾಗ ಅಮ್ಮನ ಐದು ಪಕ್ಕೆಲುಬು ಮುರಿದವು, ಒಂದು ಶ್ವಾಸಕೋಶಕ್ಕೆ ಚುಚ್ಚಿತು. ಬಾಯಿಗೆ ಕೊಳವೆ ತುರುಕಿ, ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿ, ಯಂತ್ರಕ್ಕೆ ಜೋಡಿಸಿದರು. ಮೂರನೆಯ ದಿನಕ್ಕೆ ಗಾಯ ಮಾಗುತ್ತಿದೆ ಎಂದರು. ಆರನೆಯ ದಿನ ಜ್ವರ ಬಂತು. ಕೊಳವೆಯಿಂದ ಹಸಿರು ಕೀವು ಎಳೆದಾಗ ಅವಳ ಮೈ ಬಿಲ್ಲಿನಂತೆ ಬಗ್ಗಿತು. ಮುಖ ಕಪ್ಪಿಟ್ಟಿತು. ಪಕ್ಕದ ಯಂತ್ರ ಕೂಗಿಕೊಂಡಿತು. ದಿನಕ್ಕೆ ಹತ್ತು ಸಲ ಒಬ್ಬ ಹೆಂಗಸನ್ನು ನೀರಿನಲ್ಲಿ ಮುಳುಗಿಸಿ ಮೇಲೆತ್ತಿದ ಹಾಗೆ ಅದು. ಮೊದಲು ಕೊಟ್ಟ ಔಷಧಿಗೆ ಜ್ವರ ಕ್ಯಾರೇ ಎನ್ನಲಿಲ್ಲ. ಕಫದ ಪರೀಕ್ಷೆಯ ವರದಿ ಬಂದಾಗ ಅದನ್ನು ನಾನೇ ಓದಿದೆ. ಎಡಗಡೆ ಹದಿನಾಲ್ಕು ಔಷಧಿಗಳ ಹೆಸರು. ಬಲಗಡೆ ಪ್ರತಿ ಹೆಸರಿನ ಮುಂದೆಯೂ 'ನಿರೋಧಕ', 'ನಿರೋಧಕ', 'ನಿರೋಧಕ'. ಅಚ್ಚಿನ ಮೊಳೆ ಜೋಡಿಸುವವನು ನಿದ್ದೆಗಣ್ಣಲ್ಲಿ ಒಂದೇ ಪದವನ್ನು ಪುಟದ ಉದ್ದಕ್ಕೂ ಜೋಡಿಸಿದ ಹಾಗೆ. ಕೊನೆಯ ಸಾಲಿನಲ್ಲಿ ಮಾತ್ರ ಬೇರೆ ಮಾತಿತ್ತು.

ಐಸಿಯು ಡಾಕ್ಟರಮ್ಮ ಆ ಸಾಲಿನ ಮೇಲೆ ಬೆರಳಿಟ್ಟರು. "ಕೊಲಿಸ್ಟಿನ್. ಹಳೇ ಔಷಧಿ. ಕಿಡ್ನಿ ಕೆಡಿಸತ್ತೆ ಅಂತ ಒಂದು ಕಾಲದಲ್ಲಿ ಮೂಲೆಗೆ ಎಸೆದಿದ್ವಿ. ಈಗ ನಾವೇ ಮೂಲೆಯಲ್ಲಿದೀವಿ, ಅದನ್ನೇ ಹುಡುಕ್ಕೊಂಡು ಬಂದಿದೀವಿ."

"ಕಿಡ್ನಿ ಹೋದರೆ?"

"ಶ್ವಾಸಕೋಶ ಹೋದರೆ ಕಿಡ್ನಿ ಇಟ್ಕೊಂಡು ಏನು ಮಾಡ್ತೀರಿ, ಸರ್?"

ನಾನು ಏಳು ವರ್ಷದವನಾಗಿದ್ದಾಗ ಪಕ್ಕದ ಮನೆಯ ಹುಡುಗಿಗೆ ಇದೇ ಕಾಯಿಲೆ ಬಂದಿತ್ತು. ಕಾಂಪೌಂಡರು ಪಾತ್ರೆಯಲ್ಲಿ ಸೂಜಿ ಕುದಿಸಿ ಪೆನಿಸಿಲಿನ್ ಚುಚ್ಚಿದರು. ನಾಲ್ಕನೆಯ ದಿನ ಅವಳು ನನ್ನ ಗೋಲಿ ಕದ್ದು ಓಡಿದಳು. ಅರವತ್ತು ವರ್ಷದಲ್ಲಿ ಆ ಸಂಪತ್ತನ್ನು ನಾವು ಏನು ಮಾಡಿದೆವು? ನೆಗಡಿಗೆ ನುಂಗಿದೆವು, ಕೋಳಿಗೆ ತಿನ್ನಿಸಿದೆವು, ಕಾರ್ಖಾನೆಯ ಮೋರಿಯಿಂದ ಹೊಳೆಗೆ ಬಿಟ್ಟೆವು. ಚೀಟಿ ಇಲ್ಲದೆ ಮಾತ್ರೆ ಮಾರುವ ಅಂಗಡಿಯವರ ಮೇಲೆ ಇಪ್ಪತ್ತೆರಡು ವರ್ಷದ ಹಿಂದೆಯೇ ಪತ್ರಿಕೆಗೆ ಬರೆದಿದ್ದೆ. ಮಂತ್ರಿಯೊಬ್ಬ ಸಮಿತಿ ಮಾಡಿದ. ಸಮಿತಿ ಟೀ ಕುಡಿಯಿತು. ಇವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಗಂಟಲಿಗೂ ಆ ಕೊಳವೆ ಇಳಿಸಿ, ಕೈ ಕಟ್ಟಿ ಮಲಗಿಸಬೇಕು ಎಂದು ಈ ಬೆಂಚಿನ ಮೇಲೆ ಕೂತು ಎಷ್ಟು ಸಲ ಅಂದುಕೊಂಡಿದ್ದೇನೋ! ಹೊಡೆಯುವುದನ್ನು ನೀನು ಎಲ್ಲಿಂದ ಕಲಿತೆ ಎಂದು ಪೊಲೀಸರು ನನ್ನನ್ನು ಕೇಳಿದರು.

ಈಗ ಆ ದಿನದ ವಿಷಯ, ಜ್ವರ ಬಂದ ಮರುದಿನ. ಸಂಜೆ ನಾಲ್ಕು ಗಂಟೆ, ನೋಡಲು ಬಿಡುವ ಸಮಯ. ನಾನು ಮೊದಲೇ ಒಳಗಿದ್ದೆ, ನೀನು ಡಿಪೋದಿಂದ ಗ್ರೀಸಿನ ಅಂಗಿಯಲ್ಲೇ ಬಂದೆ. ಕನ್ನಡಕದವನು ಅಮ್ಮನ ಕಫ ಎಳೆಯುತ್ತಿದ್ದ. ಡಾಕ್ಟರಮ್ಮ ಬಂದವರೇ ಮಂಚ ನೋಡಿದರು. ತಲೆಭಾಗ ಗೋಡೆಯ ಕೆಂಪು ಪಟ್ಟಿಗಿಂತ ಗೇಣುದ್ದ ಕೆಳಗಿತ್ತು. ಆ ಪಟ್ಟಿಯನ್ನು ಅಂಟಿಸಿದವನು ಆ ನರ್ಸೇ. ತಲೆ ಅಷ್ಟು ಎತ್ತರದಲ್ಲಿದ್ದರೆ ಹೊಟ್ಟೆಯದೂ ಬಾಯಿಯದೂ ದ್ರವ ಶ್ವಾಸಕೋಶಕ್ಕೆ ಜಾರುವುದಿಲ್ಲವಂತೆ.

"ಇದನ್ನ ಯಾರು ಇಳಿಸಿದ್ದು? ನಾಲ್ಕು ದಿನದಲ್ಲಿ ಇದು ಮೂರನೇ ಸಲ!"

ನಾನು ಹೇಳಿದೆ: "ಡ್ಯೂಟಿಯಲ್ಲಿರೋರನ್ನ ಕೇಳಿ ಡಾಕ್ಟ್ರೇ. ಸಂಬಳ ತಗೊಳ್ಳೋರು ಅವರು. ಹೀಗೇ ಮಾಡಿ ಮಾಡಿ ನನ್ನ ಹೆಂಡತೀನ ಕೊಲ್ತಿದಾರೆ."

ಆಗ ನೀನು ತಿರುಗಿದೆ. "ಏನೋ, ನಮ್ಮಮ್ಮ ಏನು ನಿನಗೆ ಹಳೇ ಟೈರಾ?" ಎಂದೆ. ಡ್ರಿಪ್ ನೇತುಹಾಕುವ ಕಬ್ಬಿಣದ ಕಂಬ ಕೈಗೆ ಸಿಕ್ಕಿತು. ಮೊದಲ ಏಟು ಭುಜಕ್ಕೆ. ಮೂಳೆಯ ಸದ್ದು ನನಗೆ ಕೇಳಿಸಿತು, ಹಸಿ ಕಟ್ಟಿಗೆ ಮುರಿದ ಹಾಗೆ. ಎರಡನೆಯದು ಕಿವಿಗೆ. ಮೂರನೆಯದು ಮುಖಕ್ಕೆ. ಕನ್ನಡಕದ ಗಾಜು ಎಡಗಣ್ಣೊಳಗೇ ಒಡೆಯಿತು. ರಕ್ತ ಅಮ್ಮನ ಬಿಳಿ ಹೊದಿಕೆಯ ಮೇಲೆ ಬಿತ್ತು. ವಾರ್ಡಿನವರು ಬಂದು ನಿನ್ನನ್ನು ಎಳೆದರು. ನೀನು ಕಾಲಿನಿಂದಲೂ ಒದೆಯುತ್ತಿದ್ದೆ.

ನಿನಗೆ ಕಾಣದೆ ಹೋದದ್ದು ಇದು. ಅವನು ಕೈ ಅಡ್ಡ ಹಿಡಿಯಲಿಲ್ಲ, ಏಕೆ ಗೊತ್ತೆ? ಗದ್ದಲಕ್ಕೆ ಅಮ್ಮ ಹೆದರಿ ತಲೆ ಕೊಡವುತ್ತಿದ್ದಳು. ಅವನು ಒಂದು ಕೈಯಿಂದ ಅವಳ ಬಾಯಿಯ ಕೊಳವೆಯನ್ನೂ ಇನ್ನೊಂದರಿಂದ ಗದ್ದವನ್ನೂ ಹಿಡಿದಿದ್ದ. ಬಿಟ್ಟರೆ ಕೊಳವೆ ಕಿತ್ತು ಬರುತ್ತಿತ್ತು. ಮೂರು ಏಟು ಬಿದ್ದ ಮೇಲೂ ಬಿಡಲಿಲ್ಲ. "ಟ್ಯೂಬು, ಯಾರಾದ್ರೂ ಟ್ಯೂಬು ಹಿಡ್ಕೊಳ್ರಿ" ಎಂದು ಕೂಗುತ್ತಿದ್ದ. ಇನ್ನೊಬ್ಬ ಸಿಸ್ಟರ್ ಬಂದು ಹಿಡಿದ ಮೇಲೆಯೇ ಅವನು ಕುಸಿದದ್ದು.

ಹಳೆಯ ಔಷಧಿ ಕೆಲಸ ಮಾಡಿತು. ರಕ್ತನಾಳಕ್ಕೂ ಕೊಟ್ಟರು, ಕೊಳವೆಯ ಮೂಲಕ ಹಬೆಯಾಗಿಯೂ ಕೊಟ್ಟರು. ಕಿಡ್ನಿ ಅರ್ಧ ಪೆಟ್ಟು ತಿಂದಿದೆ, ಆದರೆ ನಿಂತಿಲ್ಲ. ಜ್ವರ ಹೋಗಿ ವಾರವಾಯಿತು. ಕನ್ನಡಕದವನು ನಿನ್ನೆ ತನ್ನ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದ. ಎಡಗಣ್ಣಿಗೆ ಪಟ್ಟಿ, ಆ ಕಣ್ಣು ಬರುವುದಿಲ್ಲವಂತೆ. ಒಳಗೆ ಬಿಡಲಿಲ್ಲ. ಬಾಗಿಲ ಗಾಜಿನಿಂದ ಅಮ್ಮನನ್ನು ನೋಡಿದ. ನನ್ನನ್ನು ನೋಡಿ, "ಅಮ್ಮ ಹೇಗಿದಾರೆ ಯಜಮಾನ್ರೇ? ಮಗ್ಗಲು ಬದಲಾಯಿಸ್ತಿದಾರಾ?" ಎಂದು ಮಾತ್ರ ಕೇಳಿದ. ಬೈದಿದ್ದರೆ ಚೆನ್ನಾಗಿತ್ತು.

ಜೈಲಿನ ಊಟ ಬಿಡಬೇಡ. ಯಾರ ಜೊತೆಗೂ ಜಗಳಕ್ಕೆ ನಿಲ್ಲಬೇಡ. ಅಮ್ಮ ನಿನ್ನ ತಲೆ ಸವರುವುದು ಎಲ್ಲಿಯವರೆಗೆ ಬಾಕಿಯಿದೆಯೋ, ಅಲ್ಲಿಯವರೆಗೆ ನನ್ನ ಆಶೀರ್ವಾದ ಅದರ ಜಾಗದಲ್ಲಿ ಇರಲಿ.

ನಿನ್ನ
ಅಪ್ಪ

ಮರೆತಿದ್ದು: ಮರೆತಿರಲಿಲ್ಲ, ಮರಿ. ಕೊನೆಗೆ ತಳ್ಳಿದೆ, ಅಷ್ಟೆ.

ಮಂಚ ಇಳಿಸಿದವನು ನಾನು.

ದಿನಾ ಬೆಳಗ್ಗೆ ಅಮ್ಮನಿಗೆ ಮತ್ತಿನ ಔಷಧಿ ನಿಲ್ಲಿಸಿ ಎಚ್ಚರ ಬರಿಸುತ್ತಿದ್ದರು. ನಾನು ಬಂದರೆ ಕಟ್ಟಿದ ಕೈಯಿಂದ ಹಾಸಿಗೆಯನ್ನು ತಟ್ಟಿ ತಟ್ಟಿ 'ಕೆಳಗೆ, ಕೆಳಗೆ' ಎಂದು ಸನ್ನೆ ಮಾಡುತ್ತಿದ್ದಳು. ಬೆನ್ನು ನೋವು. ನೋಡಲಾಗಲಿಲ್ಲ. ಮಂಚದ ಕಾಲ ಬಳಿಯ ಹಿಡಿಕೆಯನ್ನು ತಿರುಗಿಸಿ ಇಳಿಸಿದೆ. ಅವಳ ಹಣೆಯ ಗಂಟು ಬಿಚ್ಚಿತು. ಆ ನೆಮ್ಮದಿಗಾಗಿ ನಾಲ್ಕು ದಿನದಲ್ಲಿ ಮೂರು ಸಲ ಇಳಿಸಿದೆ, ಹಾಗೆಯೇ ಬಿಟ್ಟು ಹೊರಗೆ ಬಂದೆ. ಎರಡನೆಯ ಸಲ ಕನ್ನಡಕದವನು ನೋಡಿದ. "ಕೈ ಮುಗೀತೀನಿ, ಇಳಿಸಬೇಡಿ" ಎಂದು ಗೋಡೆಗೆ ಕೆಂಪು ಪಟ್ಟಿ ಅಂಟಿಸಿದ. "ನಿಮ್ಮಪ್ಪನ ವಯಸ್ಸಿನವನಿಗೆ ಪಾಠ ಹೇಳ್ತೀಯಾ? ನಾನು ನಿನಗಿಂತ ಜಾಸ್ತಿ ಓದಿದೀನಿ" ಎಂದೆ. ಅವನು ನನ್ನ ಮೇಲೆ ದೂರು ಕೊಡಲಿಲ್ಲ. ವಿಚಾರಣೆಯಲ್ಲೂ ನನ್ನ ಹೆಸರು ಹೇಳಿಲ್ಲ. ಮಗ ಜೈಲಲ್ಲಿರುವ ಮುದುಕನ ಮೇಲೆ ಇನ್ನೇನು ಹೇರುವುದು ಎಂದು ಸಿಸ್ಟರ್ ಹತ್ತಿರ ಹೇಳಿದನಂತೆ.

ನಿನ್ನೆ ಅಮ್ಮನಿಗೆ ಎಲ್ಲ ಹೇಳಿದೆ, ಇದೊಂದು ಬಿಟ್ಟು. ಅವಳು ಸ್ಲೇಟು ತೆಗೆದುಕೊಂಡು ಬಹಳ ಹೊತ್ತು ಬರೆದಳು: "ಕೇಳಿದ್ದು ನಾನು. ಇಳಿಸಿದ್ದು ನೀವು. ಹೇಳಿ."

ನಿನಗೆ ಹತ್ತು ವರ್ಷವಿದ್ದಾಗ ನೀನು ರೇಡಿಯೋ ಒಡೆದು, "ನಾನಲ್ಲ" ಎಂದೆ. ನಾನು ಬೆಲ್ಟಿನಲ್ಲಿ ಹೊಡೆದೆ. "ಒಡೆದದ್ದಕ್ಕಲ್ಲ, ಸುಳ್ಳಿಗೆ ಹೊಡೀತಿದೀನಿ" ಎಂದು ಎಣಿಸಿ ಎಣಿಸಿ ಹೊಡೆದೆ. ನಿನ್ನ ಅಮ್ಮ ಅಡ್ಡ ಬಂದು ಒಂದು ಏಟು ತಿಂದಳು.

ಇವತ್ತು ಬೆಳಗ್ಗೆ ಆಸ್ಪತ್ರೆಗೂ ವಕೀಲರಿಗೂ ಹೇಳಿಕೆ ಬರೆದುಕೊಟ್ಟೆ. ವಕೀಲರು, "ಹೆತ್ತ ಮಗನನ್ನ ನೀವೇ ಮುಳುಗಿಸ್ತೀರಲ್ರೀ!" ಎಂದು ಫೈಲು ಎಸೆದರು. ಮಗ ಕಂಬ ಎತ್ತಿದ್ದು ನನ್ನ ಸುಳ್ಳು ನಂಬಿ ಎಂದೂ ಅದರಲ್ಲಿ ಬರೆದಿದ್ದೇನೆ. ಅದರಿಂದ ನಿನ್ನ ಶಿಕ್ಷೆ ಎಷ್ಟು ಕಡಿಮೆಯಾಗುತ್ತದೋ ತಿಳಿಯದು. ಅವನ ಕಣ್ಣಂತೂ ಬರುವುದಿಲ್ಲ.

ಗುರುವಾರ ಕೋರ್ಟಿನಲ್ಲಿ ನಾನು ಅವನ ಕಡೆಯ ಬೆಂಚಿನಲ್ಲಿ ಕೂತಿರುತ್ತೇನೆ. ಮುಖ ತಿರುಗಿಸಬೇಡ, ಮರಿ. ಈ ಸಲ ಏಟು ತಿನ್ನಬೇಕಾದವನು ನಾನು. ಹೊಡೆಯುವುದಾದರೆ ನೋಡಿಕೊಂಡು ಹೊಡಿ.