ಹನ್ನೊಂದು ನಲವತ್ತರ ಇಳಿತ

ಕರಾವಳಿ ಕಾಲುದಾರಿ ಪ್ರಾಧಿಕಾರದ ಮಾನ್ಯ ನಿರ್ದೇಶಕರೇ,

ನನ್ನ ಅಕ್ಕನ ಮುಖವನ್ನು ನಿಮ್ಮ ಕಾಲುದಾರಿಯ ಬಾಗಿಲಿನಿಂದ ಇಳಿಸಿ. ಆಳೆತ್ತರದ ಆ ಫಲಕದಲ್ಲಿ ಅವಳು ಸೊಂಟದವರೆಗೆ ನೀರಿನಲ್ಲಿ, ಬಂಡೆಯನ್ನು ತಬ್ಬಿಕೊಂಡು ನಿಂತಿದ್ದಾಳೆ. ಕೆಳಗೆ ಕೆಂಪಕ್ಷರದಲ್ಲಿ ‘ಉಬ್ಬರವಿಳಿತದ ಅರಿವಿಲ್ಲದವರು ಹೀಗಾಗುತ್ತಾರೆ’ ಎಂದು ಬರೆಸಿದ್ದೀರಿ. ಅದನ್ನು ತೆಗೆಯಿರಿ ಎಂದು ಎರಡು ಸಲ ಬರೆದೆ. ಎರಡನೆಯದಕ್ಕೆ ತಮ್ಮಿಂದ ಉತ್ತರವೂ ಬಂತು: ‘ಈ ಪ್ರವಾಸದಿಂದ ತಾವು ಸೂಕ್ತ ಪಾಠ ಕಲಿತಿರುವಿರೆಂದು ಭಾವಿಸುತ್ತೇವೆ.’ ಕಲಿತಿದ್ದೇವೆ ಸ್ವಾಮಿ, ಬೇಕಾದಷ್ಟು ಕಲಿತಿದ್ದೇವೆ. ಕಲಿತದ್ದನ್ನು ಊರಿಗೆಲ್ಲ ಕೇಳುವ ಹಾಗೆ ಒಪ್ಪಿಸೋಣ ಎಂದೇ ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಚೀಲ ಹೊಲಿಯುವವಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ, ಎರಡು ಹೊಲಿಗೆ ಯಂತ್ರ. ಅಕ್ಕ ಹೋದ ವರ್ಷ ಕೆಲಸದಿಂದ ನಿವೃತ್ತಳಾದಾಗ, ‘ಇಷ್ಟು ವರ್ಷ ಸಮುದ್ರವನ್ನ ಕಾಗದದ ಮೇಲೆ ನೋಡಿದ್ದು ಸಾಕು, ಪಕ್ಕದಲ್ಲೇ ನಡ್ಕೊಂಡು ಹೋಗೋಣ ಬಾರೆ’ ಅಂದಳು. ಹೊರಟದ್ದು ಈ ವರ್ಷ, ಐದು ದಿನದ ನಡಿಗೆ. ಇಬ್ಬರಿಗೂ ನಾನೇ ದಪ್ಪ ಕ್ಯಾನ್ವಾಸಿನ ಬೆನ್ನುಚೀಲ ಹೊಲಿದೆ. ಮೊದಲ ಪಾಠ ಮೊದಲ ದಿನವೇ ಆಯಿತು: ಚೀಲದಲ್ಲಿ ಅರ್ಧ ಸಾಮಾನು ಭಯಕ್ಕೆ ಇಟ್ಟುಕೊಂಡಿದ್ದು. ಅಕ್ಕ ಮೂರು ಟವಲು, ಎರಡು ಛತ್ರಿ, ಒಂದು ಇಸ್ತ್ರಿಪೆಟ್ಟಿಗೆ ತುಂಬಿದ್ದಳು. ‘ಇಸ್ತ್ರಿಪೆಟ್ಟಿಗೆ ಯಾಕೆ ಮಾರಾಯ್ತಿ?’ ಅಂದರೆ, ‘ಯಾರಾದ್ರೂ ಸಿಕ್ರೆ? ಮುದುರಿದ ಬಟ್ಟೇಲಿ ನಿಂತ್ಕೊಳ್ಳಕ್ಕಾಗುತ್ತಾ?’ ಅಂದಳು. ಅದನ್ನು ಮೊದಲ ತಂಗುಮನೆಯ ಯಜಮಾನಿಗೆ ಕೊಟ್ಟು ಮುಂದೆ ಹೋದೆವು. ಹೊಸ ಬೂಟು ಹಾಕಿಕೊಂಡು ದೂರ ಹೊರಡಬಾರದು ಎಂಬುದು ಎರಡನೆಯ ಪಾಠ, ಅದನ್ನು ನನ್ನ ಹಿಮ್ಮಡಿ ಕಲಿಸಿತು. ಮೂರು ದಿನ ದಿಬ್ಬದ ಮೇಲಿನ ದಾರಿಯಲ್ಲಿ, ಸಮುದ್ರವನ್ನು ದೂರದಿಂದ ನೋಡುತ್ತ, ಚಿಕ್ಕಂದಿನ ಜಗಳಗಳನ್ನೆಲ್ಲ ಹೊಸದಾಗಿ ಆಡುತ್ತ ನಡೆದೆವು. ಅಷ್ಟು ಸುಖವಾಗಿ ನಾವಿಬ್ಬರೂ ಎಂದೂ ಇರಲಿಲ್ಲ.

ಈಗ ಅಕ್ಕ ಎಲ್ಲಿ ಕೆಲಸ ಮಾಡುತ್ತಿದ್ದಳು ಎಂದು ಹೇಳುತ್ತೇನೆ, ದಯವಿಟ್ಟು ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತುಕೊಳ್ಳಿ. ಬಂದರು ಕಚೇರಿಯಲ್ಲಿ, ಮೂವತ್ತನಾಲ್ಕು ವರ್ಷ. ಪ್ರತಿ ದಿನ ಸಮುದ್ರ ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ತಯಾರಿಸುವುದು ಅವಳ ಕೆಲಸ. ಒಂದೊಂದು ಅಂಕಿಯನ್ನೂ ಮೂವರು ಬೇರೆ ಬೇರೆ ಕೂತು ನೋಡಬೇಕು, ಮೂವರದೂ ಒಂದೇ ಬಂದರೆ ಮಾತ್ರ ಅಚ್ಚಿಗೆ. ಬಂದರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ದೋಣಿಯವರಿಂದ ಹಿಡಿದು ಹಡಗಿನ ಕಪ್ತಾನರವರೆಗೆ ಎಲ್ಲರಿಗೂ ಅವಳು ‘ಉಬ್ಬರದಮ್ಮ’. ಇಂಥವಳ ಫೋಟೋದ ಕೆಳಗೆ ತಾವು ‘ಅರಿವಿಲ್ಲದವರು’ ಎಂದು ಬರೆಸಿದ್ದೀರಿ. ತಮ್ಮ ಧೈರ್ಯಕ್ಕೆ ಏನೆನ್ನಬೇಕೋ ನನಗೆ ತಿಳಿಯುತ್ತಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ದಾರಿ ಎರಡಾಗಿ ಒಡೆಯಿತು. ಗುಡ್ಡ ಹತ್ತಿ ಇಳಿದರೆ ಎರಡು ಗಂಟೆ, ಗುಡ್ಡದ ಬುಡದಲ್ಲಿ ಮರಳಿನ ಮೇಲೆ ಸುತ್ತಿದರೆ ಅರ್ಧ ಗಂಟೆ. ‘ಇಳಿತದ ಹೊತ್ತಿನಲ್ಲಿ ಕೆಳದಾರಿ ಸಂಪೂರ್ಣ ಸುರಕ್ಷಿತ’ ಎಂದು ನಿಮ್ಮ ಫಲಕ ಹೇಳಿತು. ನಿಮ್ಮ ಈ ವರ್ಷದ ಪುಸ್ತಿಕೆಯ ಕೊನೆಯ ಪುಟ ಅಂದಿನ ಇಳಿತ ಹನ್ನೊಂದು ನಲವತ್ತಕ್ಕೆ ಎಂದಿತು. ಆಗ ಗಂಟೆ ಹನ್ನೊಂದು. ಅಂದರೆ ನೀರು ಇನ್ನೂ ನಲವತ್ತು ನಿಮಿಷ ಹಿಂದಕ್ಕೆ ಸರಿಯಬೇಕು.

ಅಕ್ಕ ಮರಳಿನ ಅಂಚಿನಲ್ಲಿ ನಿಂತು ನೋಡಿದಳು. ‘ಇದು ಏರೋ ನೀರು ಕಣೇ,’ ಅಂದಳು.

‘ಹಾಗಾದ್ರೆ ಮೇಲಿನ ದಾರೀಲಿ ಹೋಗೋಣ,’ ಅಂದೆ.

ಅವಳು ಪುಸ್ತಿಕೆ ತೆಗೆದು ಇನ್ನೊಮ್ಮೆ ನೋಡಿದಳು, ಸಮುದ್ರವನ್ನು ನೋಡಿದಳು, ಮತ್ತೆ ಪುಸ್ತಿಕೆ ನೋಡಿದಳು. ‘ಇಲ್ಲ ಬಿಡು, ನನ್ನ ಕಣ್ಣೇ ತಪ್ಪು. ಮೂರು ಜನ ನೋಡಿರ್ತಾರೆ, ಮೂರು ಜನಾನೂ ತಪ್ಪು ಮಾಡ್ತಾರಾ? ಬಾ.’

ನಿರ್ದೇಶಕರೇ, ಅಕ್ಕ ಮಾಡಿದ ತಪ್ಪು ಇದೊಂದೇ. ಅವಳಷ್ಟು ಸಮುದ್ರ ಬಲ್ಲವರು ಬೇರೆ ಯಾರೇ ಆಗಿದ್ದರೂ ಕಣ್ಣಿಗೆ ಕಂಡದ್ದನ್ನು ನಂಬಿ ಗುಡ್ಡ ಹತ್ತುತ್ತಿದ್ದರು. ಅಚ್ಚಾದ ಅಂಕಿಯ ಹಿಂದೆ ಮೂರು ಜೊತೆ ಕಣ್ಣು ಇರುತ್ತದೆ ಎಂದು ನಂಬಿ ಬದುಕಿದವಳು ಮಾತ್ರ ಎದುರಿಗಿದ್ದ ಸಮುದ್ರವನ್ನು ಬಿಟ್ಟು ನಿಮ್ಮನ್ನು ನಂಬಿದಳು.

ಅರ್ಧ ದಾರಿಯಲ್ಲಿ ನೀರು ಮೊಣಕಾಲಿಗೆ ಬಂತು. ಹಿಂದೆ ತಿರುಗಿ ನೋಡಿದರೆ ಬಂದ ಮರಳೇ ಇಲ್ಲ. ಓಡಲು ಹೋಗಿ ಅಕ್ಕ ಪಾಚಿಯ ಮೇಲೆ ಜಾರಿದಳು, ಪಾದದ ಗೆಣ್ಣು ಮುರಿದ ಸದ್ದು ನನಗೂ ಕೇಳಿಸಿತು. ಒಂದು ಬಂಡೆಯ ಚಾಚಿನ ಮೇಲೆ ನಾನು ಹತ್ತಿ, ಎರಡೂ ಚೀಲದ ಪಟ್ಟಿಗಳನ್ನು ಸೇರಿಸಿ ಗಂಟು ಹಾಕಿ, ಅವಳ ಕಂಕುಳಿಗೆ ಕೊಟ್ಟು ಹಿಡಿದೆ. ಪಟ್ಟಿಗೆ ನಾನು ಎರಡು ಸಾಲು ಹೊಲಿಗೆ ಹಾಕಿದ್ದೆ. ಒಂದೇ ಸಾಲು ಹಾಕಿದ್ದರೆ ನಿಮ್ಮ ಫಲಕಕ್ಕೆ ಇನ್ನೂ ಒಳ್ಳೆಯ ಫೋಟೋ ಸಿಗುತ್ತಿತ್ತು.

ಫೋಟೋದ ವಿಷಯ ಬಂತಲ್ಲ, ಅದನ್ನು ತೆಗೆದವನು ನಿಮ್ಮದೇ ಕಾವಲುಗಾರ. ಗುಡ್ಡದ ಮೇಲೆ ನಿಂತಿದ್ದ. ಹಗ್ಗ ಬಿಡಪ್ಪಾ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ‘ಹಗ್ಗದ ಪೆಟ್ಟಿಗೆಗೆ ಬೀಗ ಹಾಕಿದೆ ಮೇಡಂ, ಕೀಲಿ ಆಫೀಸಲ್ಲಿದೆ,’ ಎಂದು ಕೂಗಿ ಹೇಳಿದ. ಮುಳುಗುವವರು ಹಗ್ಗ ಕದ್ದೊಯ್ದರೆ ಎಂಬ ತಮ್ಮ ಮುಂದಾಲೋಚನೆ ಮೆಚ್ಚತಕ್ಕದ್ದೇ. ಆಮೇಲೆ ಅವನು ಫೋನ್ ತೆಗೆದ. ಯಾರಿಗೋ ಕರೆ ಮಾಡುತ್ತಾನೆ ಎಂದುಕೊಂಡೆ.

ನಮ್ಮನ್ನು ಉಳಿಸಿದವನು ಮೀನಿನ ಬಲೆ ಎಳೆದುಕೊಂಡು ಹೋಗುತ್ತಿದ್ದ ಒಬ್ಬ ದೋಣಿಯವನು. ಅಕ್ಕನನ್ನು ಬಲೆಯ ಮೇಲೆ ಮಲಗಿಸಿ, ‘ಈ ಹೊತ್ತಲ್ಲಿ ಯಾರಾದ್ರೂ ಇಲ್ಲಿ ಇಳೀತಾರಾ ತಾಯಿ? ಈ ತಿಂಗಳಲ್ಲಿ ನೀವು ಮೂರನೆಯವರು,’ ಅಂದ. ಅಕ್ಕ ಒದ್ದೆ ಪುಸ್ತಿಕೆಯನ್ನು ಎತ್ತಿ ತೋರಿಸಿದಳು. ಅವನು ಅವಳ ಮುಖವನ್ನು ಇನ್ನೊಮ್ಮೆ ನೋಡಿದ. ‘ಉಬ್ಬರದಮ್ಮ ಅಲ್ವಾ ನೀವು?’ ಅಂದ. ಅಕ್ಕ ಮುಖ ಆಚೆ ತಿರುಗಿಸಿದಳು.

ಆಸ್ಪತ್ರೆಯಲ್ಲಿ ಕಾಲು ಮೇಲೆ ಕಟ್ಟಿಸಿಕೊಂಡು ಮಲಗಿದ್ದಾಗ ಅವಳು ಒಣಗಿದ ಆ ಪುಟವನ್ನು ಬಿಡಿಸಿ ನೋಡುತ್ತಲೇ ಇದ್ದಳು. ಮೂರನೆಯ ದಿನ ನನ್ನನ್ನು ಕರೆದು ಒಂದು ತಾರೀಖಿನ ಕೆಳಗೆ ಬೆರಳಿಟ್ಟಳು. ಅಲ್ಲಿ ಸಾಸಿವೆಗಿಂತ ಚಿಕ್ಕ ಚುಕ್ಕೆ. ‘ಇದು ನಾನಿಟ್ಟಿದ್ದು ಕಣೇ,’ ಅಂದಳು. ಅವಳು ತಯಾರಿಸಿದ ಕೊನೆಯ ಪಟ್ಟಿಯಲ್ಲಿ, ತಾನು ನಿವೃತ್ತಳಾಗುವ ದಿನದ ಕೆಳಗೆ, ಯಾರಿಗೂ ಗೊತ್ತಾಗದಂತೆ ಒಂದು ಚುಕ್ಕೆ ಇಟ್ಟಿದ್ದಳಂತೆ. ಮೂವತ್ತನಾಲ್ಕು ವರ್ಷದಲ್ಲಿ ತನಗಾಗಿ ಇಟ್ಟುಕೊಂಡದ್ದು ಅಷ್ಟೇ. ನೀವು ಹೋದ ವರ್ಷದ ಆ ಪುಟವನ್ನು ಚುಕ್ಕೆಯ ಸಮೇತ ಎತ್ತಿ, ಮೇಲೆ ಈ ವರ್ಷದ ಇಸವಿ ಹಾಕಿ, ಅಚ್ಚು ಹಾಕಿಸಿದ್ದೀರಿ. ಅವಳದೇ ಅಂಕಿಗಳಿಂದ ಅವಳನ್ನು ಮುಳುಗಿಸಲು ಹೊರಟಿದ್ದಿರಿ.

ಆ ಪುಟ ಹಿಡಿದು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಗುಮಾಸ್ತರು ಸಮಾಧಾನದಿಂದ ಹೇಳಿದರು: ‘ಪಟ್ಟಿ ಹಳೇದಾದ್ರೇನು ಮೇಡಂ, ಸಮುದ್ರ ಅದೇ ತಾನೆ? ತಾರೀಖೂ ಅವೇ ತಾನೆ?’ ನೀರು ಚಂದ್ರನ ಹಿಂದೆ ಹೋಗುತ್ತದೆ, ನಿಮ್ಮ ಗೋಡೆಯ ಕ್ಯಾಲೆಂಡರಿನ ಹಿಂದಲ್ಲ. ಒಂದೇ ತಾರೀಖಿಗೆ ಪ್ರತಿ ವರ್ಷ ಹೊತ್ತು ಬೇರೆಯಾಗುತ್ತದೆ. ಇದು ದೋಣಿಯವರ ಮನೆಯ ಮಕ್ಕಳಿಗೂ ಗೊತ್ತು. ಕಾಲುದಾರಿ ಪ್ರಾಧಿಕಾರದಲ್ಲಿ ಯಾರಿಗೂ ಗೊತ್ತಿಲ್ಲವೆಂದರೆ, ಆ ಫಲಕದಲ್ಲಿ ಇರಬೇಕಾದ ಮುಖ ಯಾರದು? ಹೇಳಿ, ಯಾರದು?

ಅಕ್ಕನ ಕಾಲು ಕೂಡಿದೆ. ಆದರೆ ಅವಳು ಮನೆಯಿಂದ ಹೊರಗೆ ಹೋಗುತ್ತಿಲ್ಲ. ಅವಳ ಕೈಕೆಳಗೆ ಕೆಲಸ ಕಲಿತ ಹುಡುಗಿ ಫಲಕ ನೋಡಿ ಫೋನ್ ಮಾಡಿ, ‘ಮೇಡಂ, ಅದು ನೀವೇನಾ?’ ಎಂದು ಕೇಳಿದಳು. ‘ಅಲ್ಲಮ್ಮ, ನನ್ನ ಹಾಗೆ ಇರೋರು ಇನ್ಯಾರೋ,’ ಅಂದಳು ಅಕ್ಕ. ಜೀವನದಲ್ಲಿ ಒಂದು ನಿಮಿಷವನ್ನೂ ತಪ್ಪು ಹೇಳದವಳು ಹಾಗೆ ಸುಳ್ಳು ಹೇಳಿ, ಫೋನ್ ಇಟ್ಟು, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮುರಿದ ಕಾಲಿಗೆ ಬೇಕಾದರೆ ಕ್ಷಮಿಸುತ್ತಿದ್ದೆ. ಇದಕ್ಕೆ ಕ್ಷಮಿಸುವುದಿಲ್ಲ. ನಾನು ದೊಡ್ಡ ಮನಸ್ಸಿನವಳಲ್ಲ, ಆಗುವ ಆಸೆಯೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಮುಂದಿನ ತಿಂಗಳ ಹದಿನೆಂಟನೆಯ ತಾರೀಖು ನಿಮ್ಮ ಪುಸ್ತಿಕೆಯ ಪ್ರಕಾರ ಮತ್ತೆ ಹನ್ನೊಂದು ನಲವತ್ತಕ್ಕೇ ಇಳಿತ. ಅಂದು ತಾವು ತಮ್ಮ ಪುಸ್ತಿಕೆ ಹಿಡಿದು ಆ ಕೆಳದಾರಿಯಲ್ಲಿ ನಡೆಯಬೇಕು. ಕಾವಲುಗಾರನೂ ಮೇಲೆ ಇರಲಿ, ಫೋನ್ ಇರಲಿ, ಕೀಲಿ ಆಫೀಸಿನಲ್ಲೇ ಇರಲಿ. ಬೆನ್ನಿನ ಅಳತೆ ಕಳಿಸಿದರೆ ಚೀಲ ಹೊಲಿದುಕೊಡುತ್ತೇನೆ, ಪಟ್ಟಿಗೆ ಒಂದೇ ಸಾಲು. ಈ ಪತ್ರ ಓದುವ ಉಳಿದವರು ಮಾತ್ರ ದಯವಿಟ್ಟು ಗುಡ್ಡದ ಮೇಲಿನ ದಾರಿಯಲ್ಲೇ ಹೋಗಿ.

ಇದನ್ನು ಅಕ್ಕನಿಗೆ ಓದಿ ಹೇಳಿದೆ. ‘ಪಾಪ ಕಣೇ, ಅವರಿಗೆ ಈಜು ಬರುತ್ತೋ ಇಲ್ವೋ,’ ಎಂದು ಪೆನ್ಸಿಲ್ ಕೇಳಿದಳು. ತಿಂಗಳುಗಳ ನಂತರ ಮೊದಲ ಸಲ ಲೆಕ್ಕಕ್ಕೆ ಕೂತಳು. ಮೂರು ಸಲ ಮಾಡಿ, ಮೂರೂ ಒಂದೇ ಬಂದ ಮೇಲೆ, ಅಂದು ನೀರು ನಿಜವಾಗಿ ಇಳಿಯುವ ಹೊತ್ತನ್ನು ಈ ಪತ್ರದ ಅಂಚಿನಲ್ಲಿ ಬರೆದಳು. ಕತ್ತರಿ ನನ್ನ ಕೈಯಲ್ಲೇ ಇತ್ತು. ಆ ಅಂಚನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಬೇಕಿದ್ದರೆ ಮನೆಗೆ ಬನ್ನಿ. ಮೊದಲು ಫಲಕ ಇಳಿಸಿ, ಆಮೇಲೆ ಬಂದು ಬಾಗಿಲಲ್ಲಿ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ ಕೇಳಿ: ‘ಉಬ್ಬರದಮ್ಮಾ, ಸಮುದ್ರ ಎಷ್ಟು ಹೊತ್ತಿಗೆ ಇಳಿಯುತ್ತದೆ?’

ಇಂತಿ,
ನಿಮ್ಮ ಫಲಕದ ಎಡ ಮೂಲೆಯಲ್ಲಿ
ಚೀಲದ ಪಟ್ಟಿ ಹಿಡಿದು ಎಳೆಯುತ್ತಿರುವ,
ಬೆನ್ನು ಮಾತ್ರ ಕಾಣುವ ತಂಗಿ