ಡಾಕ್ಟರಿಗೆ ಮುಟ್ಟದ ಮಾತು

ಅವ್ವಾ,

ಒಂದಾನೊಂದು ಸೋಮವಾರ, ತೆಲುಗು ಬಾರದ ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ಹಿಮಾಯತ್‌ನಗರದ ಡಾಕ್ಟರ ಹತ್ತಿರ ಹೋದಳು. ಕ್ಯಾನ್ಸರಿಗೆಂದು ತೆಗೆದ ಎದೆಯ ಜಾಗದಲ್ಲಿ ಹೊಸದನ್ನು ಕಟ್ಟಬೇಕೇ ಎಂದು ಡಾಕ್ಟರು ಕೇಳಿದರು. “ಬ್ಯಾಡ ಅನ್ನು. ಮತ್ತ ಕೊಯ್ಸಿಕೊಳ್ಳಾಕ ನನ್ನ ಕೈಲೆ ಆಗಂಗಿಲ್ಲ” ಎಂದಳು ತಾಯಿ. ಮಗಳು ಮಾತ್ರ ತೆಲುಗಿನಲ್ಲಿ, ಅಮ್ಮ ಒಪ್ಪಿದ್ದಾರೆ ಎಂದು ಹೇಳಿ, ಆಪರೇಷನ್ನಿಗೆ ತಾರೀಖು ಹಿಡಿದು ಬಂದಳು. ಕನ್ನಡಿಯ ಮುಂದೆ ತಾಯಿ ಸೆರಗು ಎಳೆದುಕೊಳ್ಳುವುದನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ.

ನಿನ್ನೆ ನಿಜ ಗೊತ್ತಾದಾಗ ನೀನು “ನನ್ನ ಮಾತು ನಿನ್ನ ಬಾಯಾಗ ಇಟ್ಟಿದ್ನಲ್ಲೇ ಹುಚ್ಚಿ” ಎಂದೆ. ನೀನು ಬೈದದ್ದು ಕಡಿಮೆಯೇ ಆಯಿತು.

ಕುಕ್ಕರಿನಲ್ಲಿ ಅನ್ನವಿದೆ, ಸಾರು ಬಿಸಿ ಮಾಡಿಕೋ. ಎಡಗೈಯಲ್ಲಿ ಕೊಡ ಎತ್ತಬೇಡ, ಹಟ ಬೇಡ.

ನಿನ್ನೆ ತಾಯಿಗೆ ಮಾತು ಕೊಟ್ಟಂತೆ ಮಗಳು ಈಗಷ್ಟೇ ಡಾಕ್ಟರಿಗೆ ಫೋನು ಮಾಡಿ, ಅವ್ವ ಅಂದದ್ದನ್ನು ಅಂದ ಹಾಗೇ ಹೇಳಿದಳು.